ಆರು, ಮತ್ತೊಂದು

ಇದು ಕೌಟು, ಮೂಗಿನ ಹತ್ತಿರ ತಂದ ಕೂಡಲೇ ಗೊತ್ತಾಯಿತು, ಹೊರಗೆ ನೋಡಿದರೆ ಉಂಡೆ ಮದುವಣಗಿತ್ತಿಯ ಕೆನ್ನೆಯ ಹಾಗಿದೆ, ಒಳಗೆ ಮಾತ್ರ ಕೊಳೆತು ನಾರುತ್ತಿದೆ, ಥೂ — ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿದ್ದ ಕಾಯಿ, ಚಿಪ್ಪು ಒಡೆದರೆ ಕೊಬ್ಬರಿ ಇಡೀ ಉಂಡೆಯಾಗಿ ಬರಬೇಕು, ಬಂದಿದೆ, ನಾರುತ್ತ ಬಂದಿದೆ, ಎಡಗಡೆಯ ಗುಡ್ಡೆಗೆ ಎಸೆ ಚಿತ್ತೇಶ, ಎಣ್ಣೆಯವನು ಒಯ್ಯಲಿ, ಇನ್ನೊಂದು ಎತ್ತಿಕೋ, ಮೂಸು — ಇಪ್ಪತ್ತೆರಡು ವರ್ಷದಿಂದ ಕಂದಿಕೆರೆಯ ಈ ಶೆಡ್ಡಿನಲ್ಲಿ ಕೂತು ಮೂಸುತ್ತಿದ್ದೇನೆ, ಒಳ್ಳೆಯದು ಬಲಕ್ಕೆ, ಕೌಟು ಎಡಕ್ಕೆ, ಚಿತ್ತೇಶನ ಮೂಗು ಅಂದರೆ ತಿಪಟೂರಿನ ಮಂಡಿಯವರೂ ಮರುಮಾತಾಡುವುದಿಲ್ಲ, ಅಂಥ ಮೂಗಿಗೆ ಒಂದೂವರೆ ತಿಂಗಳಿನಿಂದ ಎಲ್ಲವೂ ಕೌಟು, ಬೆಳಿಗ್ಗೆ ಮಂಜಮ್ಮ ಇಟ್ಟ ಬಿಸಿ ಮುದ್ದೆ ಕೌಟು, ಕಾಫಿ ಕೌಟು, ಹೊದೆಯುವ ರಗ್ಗು ಕೌಟು, ಏನು ಬಸ್ರಿ ಹೆಂಗಸ್ನಂಗೆ ಮೂಸ್ತೀಯ, ಉಣ್ಣು ಅತ್ಲಾಗೆ ಅಂದಳು, ಹೆಂಡತಿಯ ಮಾತಿಗೆ ಕಟ್ಟುಬಿದ್ದು ಉಂಡು ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಕ್ಕಿದೆ. ಡಾಕ್ಟರು ಗ್ಯಾಸು ಅಂದರು, ಗ್ಯಾಸಂತೆ, ಮಾತ್ರೆ ಕೊಟ್ಟರು, ಮಾತ್ರೆಯೂ ಕೌಟು.

ಯಜಮಾನರು ತಿಪಟೂರಿನಿಂದ ಬಂದು ಆಗಲೇ ಅರ್ಧ ಗಂಟೆಯಾಯಿತು, ಸೂರ್ಯಪ್ರಕಾಶ್, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕರ್ಚೀಫು ಹಾಸಿಕೊಂಡು ಕೂತಿದ್ದಾರೆ, ಬಿಳಿ ಪ್ಯಾಂಟಿಗೆ ಎಲ್ಲಿ ಕೊಳೆಯಾಗುತ್ತದೋ ಅಂತ, ಶೆಡ್ಡೂ ಅವರದು, ಕೊಬ್ಬರಿಯೂ ಅವರದು, ಕೊಳೆ ಮಾತ್ರ ಬೇರೆಯವರದು — ಅವರ ಎದುರಿಗೆ ಕಂಬಕ್ಕೆ ಒರಗಿ ನಿಂತಿರುವವಳು ಸಿದ್ದಕ್ಕ, ಮಟ್ಟೆಯ ರಾಶಿಯ ಮೇಲೆ ಕಾಲು ಚಾಚಿ ಕೂತಿರುವವನು ಅವಳ ಗಂಡ ಬೋರಯ್ಯ, ಆಸ್ಪತ್ರೆಯಿಂದ ಬಂದ ಮೇಲೆ ಶೆಡ್ಡಿಗೆ ಬಂದದ್ದು ಇದೇ ಮೊದಲು, ಕೆಂಕೆರೆಯಿಂದ ಆಟೋದಲ್ಲಿ ಕರೆದುಕೊಂಡು ಬಂದಿದ್ದಾಳೆ, ಆ ಕಾಲಿಗೆ ಸುತ್ತಿದ ಬಟ್ಟೆಯ ಕಡೆ ನೋಡಬೇಡ, ಕೊಬ್ಬರಿ ನೋಡು, ಮೂಸು. ಎಲ್ಲರೂ ಗಯಾಜ್‌ಗಾಗಿ ಕಾಯುತ್ತಿದ್ದಾರೆ. ಕಾಯಿ ಸುಲಿಯುವ ಯಂತ್ರ ಗಯಾಜ್‌ದು, ಅಗೋ ಮೂಲೆಯಲ್ಲಿದೆ, ಹೊರಗಿನ ಕೆಲಸಕ್ಕೆ ಹೋದಾಗ ಬಿಟ್ಟರೆ ಹನ್ನೆರಡು ವರ್ಷದಿಂದ ಇಲ್ಲೇ ಇದೆ, ಇವತ್ತು ಅದನ್ನು ಎತ್ತಿಕೊಂಡು ಹೋಗಪ್ಪ ಅನ್ನುತ್ತಾರೆ, ಯಾಕೆಂದರೆ ದ್ವೀಪದಲ್ಲಿ ಬೋರಯ್ಯನನ್ನು ಬಿಟ್ಟು ದೋಣಿ ಹೊರಡಿಸಿದವನು ಗಯಾಜ್ ಅಂತ ಊರೇ ತೀರ್ಮಾನ ಮಾಡಿದೆ, ಇನ್ನು ಉಳಿದಿರುವುದು ಸಾಕ್ಷಿ ಒಂದೇ, ಸಾಕ್ಷಿ ನಾನು. ನೀನಿದ್ಯಲ್ಲಪ್ಪ ದೋಣಿಯಾಗೆ, ನೀನೇ ಹೇಳ್ಬೇಕು ಅಂದಳು ಸಿದ್ದಕ್ಕ, ನಿನ್ನೆಯೂ ಅಂದಳು, ಹೇಳ್ತೀನಿ ಬುಡಕ್ಕ ಅಂದೆ, ಎಷ್ಟು ಸಲೀಸಾಗಿ ಅಂದೆ.

ದ್ವೀಪ ಅಂದರೆ ನಮಗೇನು ಗೊತ್ತು, ನಮ್ಮ ಕಡೆ ನೀರಿನ ನಡುವೆ ಒಣ ನೆಲ ಕಾಣುವುದು ಕೆರೆ ಬತ್ತುವಾಗ, ಅಲ್ಲಿಗೂ ಎಮ್ಮೆ ಹೋಗಿ ಮಲಗುತ್ತದೆ — ಕರಾವಳಿಯಲ್ಲಿ ಯಾರೋ ಪುಣ್ಯಾತ್ಮ ಸಮುದ್ರದೊಳಗಿನ ಒಂದು ತುಂಡು ನೆಲಕ್ಕೆ ರೆಸಾರ್ಟು ಮಾಡುತ್ತಾನಂತೆ, ಅಲ್ಲಿ ಇನ್ನೂರು ಮುನ್ನೂರು ತೆಂಗಿನ ಮರ ಇಪ್ಪತ್ತು ವರ್ಷದಿಂದ ಕೈ ಸೋಕದೆ ನಿಂತಿವೆಯಂತೆ, ಕಾಯಿ ಇಳಿಸಿ ಸುಲಿದು ನೆಲ ಚೊಕ್ಕ ಮಾಡಿಕೊಟ್ಟರೆ ಕಾಯಿಯೆಲ್ಲ ನಮಗೇ, ಯಜಮಾನರಿಗೆ ಬಾಯಲ್ಲಿ ನೀರು, ತೋಟ ಎಲ್ಲಿದ್ರೂ ತೋಟಾನೇ ಅಲ್ವೇನಯ್ಯ ಚಿತ್ತೇಶ, ನೀನೂ ಸೇರಿ ಏಳು ಜನ ಹೋಗಿ, ಸಮುದ್ರಾನೂ ನೋಡಿದಂಗಾಯ್ತು. ಏಳು ಜನ, ಮೇಸ್ತ್ರಿ ನಾನು, ಮರ ಹತ್ತುವವನು ಬೋರಯ್ಯ, ಯಂತ್ರದ ಜೊತೆ ಗಯಾಜ್, ಆಳುಗಳು ನಾಲ್ಕು. ದೋಣಿ ಹತ್ತಿದ ಗಳಿಗೆಯಿಂದ ಒಂದು ಗಂಟೆ ಮೀನು, ಡೀಸೆಲ್ಲು, ಕೊಳೆತ ಬಲೆ, ಎಲ್ಲ ಒಟ್ಟಿಗೆ ಮೂಗಿಗೆ ಹೊಡೆದು ದಡ ಸೇರುವಷ್ಟರಲ್ಲಿ ಮೂರು ಸಲ ಕಕ್ಕಿದ್ದೆ, ದೋಣಿಯವನು ನಗುತ್ತಿದ್ದ, ಎಂತ ಮಾರಾಯ್ರೆ, ಸಮುದ್ರಕ್ಕೇ ಊಟ ಹಾಕ್ತೀರಾ. ನಗು ನನ್ನಪ್ಪ, ನಗು.

ಥೂ ಆ ನೆಲ, ಅದನ್ನು ನೆಲ ಅನ್ನಬೇಕೇ, ಕಾಲಿಟ್ಟಲ್ಲೆಲ್ಲ ಹಕ್ಕಿ ಹಿಕ್ಕೆ, ಬಂಡೆಯೆಲ್ಲ ಬೆಳ್ಳಗೆ ಸುಣ್ಣ ಬಳಿದಂತೆ, ಬಿಸಿಲಿಗೆ ಕಾದು ಕಣ್ಣುರಿಸುವ ನಾತ — ಮರದ ಬುಡದಲ್ಲಿ ಇಪ್ಪತ್ತು ವರ್ಷ ಉದುರಿದ ಕಾಯಿ, ಒಂದರ ಮೇಲೊಂದು ಕೊಳೆತು, ಮೊಳೆತು, ಮೊಳೆತದ್ದೂ ಕೊಳೆತು, ಕೈ ಹಾಕಿದರೆ ಮೊಣಕೈವರೆಗೆ ಲೋಳೆ, ನಮ್ಮೂರಿನಲ್ಲಿ ತೆಂಗಿನ ತೋಟಕ್ಕೆ ಚಪ್ಪಲಿ ಬಿಟ್ಟು ಹೋಗುವ ಮುದುಕರು ಇನ್ನೂ ಇದ್ದಾರೆ, ಅವರು ಇದನ್ನು ನೋಡಿದ್ದರೆ ಎದೆ ಒಡೆದು ಸಾಯುತ್ತಿದ್ದರು — ಇನ್ನೊಂದು ಬದಿಗೆ ಸಮುದ್ರ ತಂದು ಎಸೆದ ಚಪ್ಪಲಿ, ನೂರಾರು, ಒಂದಕ್ಕೂ ಜೋಡಿಯಿಲ್ಲ, ಬಾಟಲಿ, ಸೂಜಿ, ಮಕ್ಕಳ ಡಯಾಪರು, ಬಾವಿಯ ನೀರು ಉಪ್ಪು. ಮತ್ತೆ ಇಲಿ. ಹಗಲಲ್ಲೇ ಇಲಿ, ಮನುಷ್ಯನನ್ನು ಕಂಡರೆ ಓಡುವ ಮರ್ಯಾದೆ ಕೂಡ ಕಲಿಯದ ಇಲಿ, ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದವು, ಟಾರ್ಪಾಲಿನ ಕೆಳಗೆ ಮಲಗಿದರೆ ಕಾಲಿನ ಮೇಲೆ ಹರಿದು ಹೋಗುತ್ತಿದ್ದವು, ನಾನು ಕಾಲಿಗೆ ಗೋಣಿಚೀಲ ಕಟ್ಟಿಕೊಂಡು ಕೂತೇ ನಿದ್ದೆ ಮಾಡಿದೆ, ಐದು ದಿನ, ಐದು ದಿನದಲ್ಲಿ ನಾಲ್ಕು ತುತ್ತು ಉಂಡಿದ್ದರೆ ಹೆಚ್ಚು. ಬೋರಯ್ಯನಿಗೆ ಮಾತ್ರ ಹಬ್ಬ, ಆ ಮನುಷ್ಯನಿಗೆ ಅಸಹ್ಯ ಅನ್ನುವುದೇ ಗೊತ್ತಿಲ್ಲ, ಎಲ್ಲಕ್ಕಿಂತ ಎತ್ತರದ ಮರ ಹತ್ತಿ ಗರಿಗಳ ನಡುವೆ ಕೂತು ಕೂಗಿದ, ಲೇ ಚಿತ್ತೇಶ, ಇಲ್ಲಿಂದ ನಮ್ಮ ಕೆಂಕೆರೆ ಕಾಣ್ತೈತೆ ಕಣ್ಲಾ, ಸಿದ್ದಿ ಬಾಗ್ಲಾಗೆ ನಿಂತವ್ಳೆ, ಕಸಬರಿಕೆ ಹಿಡ್ಕಂಡವ್ಳೆ — ಎಲ್ಲರೂ ನಕ್ಕರು, ಗಯಾಜ್ ಯಂತ್ರ ನಿಲ್ಲಿಸಿ ನಕ್ಕ, ನನಗೆ ನಗು ಬರಲಿಲ್ಲ, ಬಾಯಿ ತೆಗೆದರೆ ನಾತ ಒಳಗೆ ಹೋಗುತ್ತಿತ್ತು.

ಈ ಉಂಡೆ ಚೆನ್ನಾಗಿದೆ, ಬಲಕ್ಕೆ, ಇದೂ ಬಲಕ್ಕೆ, ಲಾಭ, ಎರಡು — ನಮ್ಮಪ್ಪ ಕ್ಯಾತಪ್ಪ ಇದೇ ಜಾಗದಲ್ಲಿ ಕೂತು ಎಣಿಸುತ್ತಿದ್ದ, ಕಾಯಿ ಎಣಿಸುವಾಗ ಒಂದು ಅನ್ನುವ ಹಾಗಿಲ್ಲ, ಲಾಭ ಅನ್ನಬೇಕು, ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಆರಾದ ಮೇಲೆ ಏಳು ಅನ್ನುವ ಹಾಗಿಲ್ಲ, ಏಳು ಅಂದರೆ ರಾಶಿಯ ಮೇಲೆ ಕೂತ ಲಕ್ಷ್ಮಿ ನನಗೇ ಏಳು ಅಂದರು ಅಂತ ಎದ್ದು ಹೋಗುತ್ತಾಳೆ, ಅದಕ್ಕೇ ಮತ್ತೊಂದು ಅನ್ನಬೇಕು, ಆರು, ಮತ್ತೊಂದು, ಎಂಟು. ಗಯಾಜ್ ಚಿಕ್ಕನಾಯಕನಹಳ್ಳಿಯಿಂದ ಮೊದಲ ದಿನ ಕೆಲಸಕ್ಕೆ ಬಂದವನು ಆರು ಏಳು ಅಂದುಬಿಟ್ಟ, ಅಪ್ಪ ಕೂತಲ್ಲಿಂದಲೇ ಅವನ ಬೆನ್ನಿಗೆ ಒಂದು ಬಿಟ್ಟ, ಏಳು ಅಂತೀಯೇನ್ಲಾ ಸಾಬಿ, ನಮ್ಮನ್ನ ಎಬ್ಬುಸ್ಬೇಕು ಅಂತ ಬಂದ್ಯಾ, ಗಯಾಜ್ ಬೆನ್ನು ಸವರಿಕೊಂಡು ತಪ್ಪಾಯ್ತು ತಾತ ಅಂದ, ಅವತ್ತಿನಿಂದ ಇವತ್ತಿನವರೆಗೆ ಅವನ ಬಾಯಲ್ಲಿ ಏಳು ಬಂದಿಲ್ಲ, ಮನೇಲಿ ಕೋಳಿ ಎಣಿಸೋವಾಗ್ಲೂ ಮತ್ತೊಂದು ಅಂತೀನಿ ಕಣಣ್ಣ, ಅಮ್ಮ ಬೈತಾಳೆ, ಆರು ಮತ್ತೊಂದು ಅಂದ್ರೆ ಎಷ್ಟೋ ಅಂತ, ಅನ್ನುತ್ತಿದ್ದ. ನಾವೇ ಕಲಿಸಿದ್ದು, ಹೊಡೆದು ಕಲಿಸಿದ್ದು.

ಐದನೆಯ ದಿನ, ನಡುಮಧ್ಯಾಹ್ನ, ಚಿತ್ತಾ ಮಳೆಯ ಮೋಡ ಒಮ್ಮೆಗೇ ಕವುಚಿಕೊಂಡಿತು, ದೋಣಿಯವನು ಅವಸರ ಅವಸರ, ಗಾಳಿ ತಿರುಗ್ತಾ ಉಂಟು, ಬೇಗ ಹತ್ತಿ, ಇಲ್ಲದಿದ್ರೆ ಎರಡು ದಿನ ಇಲ್ಲೇ — ಎರಡು ದಿನ ಇಲ್ಲೇ ಅಂದ ಕೂಡಲೇ ನನ್ನ ಬೆನ್ನಹುರಿಯಲ್ಲಿ ಇಲಿ ಹರಿದಂತಾಯಿತು, ಯಂತ್ರ ಹತ್ತಿಸಿದರು, ಚೀಲ ಹತ್ತಿಸಿದರು, ಬೋರಯ್ಯ ಎಲ್ಲಿ, ಬೋರಯ್ಯನನ್ನು ಆಚೆ ಬದಿಗೆ ಕಳಿಸಿದವನು ನಾನೇ, ಹಗ್ಗ ಮರದಾಗೇ ಬಿಟ್ಟು ಬಂದಿದೀಯಲ್ಲ, ಹೋಗಿ ತಗಂಬಾ, ಮರೆಯಲು ಸಾಧ್ಯವೇ ಇರಲಿಲ್ಲ. ದೋಣಿ ಎದ್ದು ಎದ್ದು ಬೀಳುತ್ತಿದೆ, ಎಲ್ಲರೂ ಟಾರ್ಪಾಲು ತಲೆಯ ಮೇಲೆ ಎಳೆದುಕೊಂಡು ಕುರಿಗಳಂತೆ ಮುದುರಿದ್ದಾರೆ, ನಾನು ತಲೆ ಮುಟ್ಟಿ ಮುಟ್ಟಿ ಎಣಿಸಿದೆ, ಲಾಭ, ಎರಡು, ಮೂರು, ನಾಲ್ಕು, ಐದು, ನನ್ನ ಎದೆ ಮುಟ್ಟಿಕೊಂಡು ಆರು, ಮತ್ತೆ ಜೋರಾಗಿ, ಮತ್ತೊಂದು! ಅಂದರೆ ಇನ್ನೊಬ್ಬ ಬರಬೇಕು ಅಂತ, ಮನುಷ್ಯನಿಗೆ ಮತ್ತೊಬ್ಬ ಅನ್ನಬೇಕಿತ್ತು, ಕಾಯಿ ಎಣಿಸಿ ಎಣಿಸಿ ಹಾಳಾದ ಬಾಯಿ ಮತ್ತೊಂದು ಅಂತು, ಟಾರ್ಪಾಲಿನ ಒಳಗಿಂದ ಗಯಾಜ್ ಕೂಗಿದ, ಮತ್ತೊಂದು ಆಯ್ತು, ಎಲ್ಲಾ ಬಂದ್ರು, ಬಿಡ್ರಿ ದೋಣೀನ. ದೋಣಿಯವನು ಬಿಟ್ಟ. ಆ ಕ್ಷಣದವರೆಗೆ ಯಾರದೂ ತಪ್ಪಿಲ್ಲ, ದೇವರ ಮುಂದೆ ಬೇಕಾದರೂ ಹೇಳುತ್ತೇನೆ, ಅಷ್ಟರವರೆಗೆ ಇಲ್ಲ. ತಪ್ಪು ಅದಾದ ಮೇಲಿನದು, ಏಯ್ ನಿಲ್ಸು ಅನ್ನಲು ಎಷ್ಟು ಹೊತ್ತು ಬೇಕು, ಅಂದರೆ ದೋಣಿ ತಿರುಗುತ್ತದೆ, ತಿರುಗಿದರೆ ಗಾಳಿ ಹೆಚ್ಚುತ್ತದೆ, ಹೆಚ್ಚಿದರೆ ಮತ್ತೆ ಆ ಲೋಳೆ, ಆ ಹಿಕ್ಕೆ, ಕಾಲಿನ ಮೇಲೆ ಹರಿಯುವ ಆ ತಣ್ಣನೆಯ ಪಾದಗಳು, ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ, ನುಂಗಿ, ಬಗ್ಗಿ ಸಮುದ್ರಕ್ಕೆ ಕಕ್ಕಿದೆ, ಭಯಕ್ಕಲ್ಲ, ಭಯವಾಗಿದ್ದರೆ ಯಾರಾದರೂ ಕ್ಷಮಿಸಿಯಾರು, ಹೇಸಿಗೆಗೆ, ಬರೀ ಹೇಸಿಗೆಗೆ ಒಬ್ಬ ಮನುಷ್ಯನನ್ನು ಬಿಟ್ಟು ಬಂದೆ.

ತಿರುಗಿ ನೋಡಿದೆ, ನೋಡಬಾರದಿತ್ತು, ಎತ್ತರದ ಆ ಮರದ ಮೇಲೆ ಬೋರಯ್ಯ, ಗರಿ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕೆಂಪು ಟವಲ್ಲು ಬೀಸುತ್ತಿದ್ದಾನೆ, ಮರ ಗಾಳಿಗೆ ಬಿಲ್ಲಿನಂತೆ ಬಗ್ಗುತ್ತಿದೆ, ಅವನು ಬೀಸುತ್ತಲೇ ಇದ್ದಾನೆ, ಕೂಗು ಕೇಳುವುದಿಲ್ಲ, ಆಗ ನನ್ನ ಬಲಗೈ ಮೇಲೆ ಹೋಯಿತು. ಬಾಯಿ ಒರೆಸಿಕೊಳ್ಳಲು ಎತ್ತಿದೆ ಅಂತ ಆಮೇಲೆ ನೂರು ಸಲ ಅಂದುಕೊಂಡಿದ್ದೇನೆ, ಬಾಯಿ ಒರೆಸುವ ಕೈ ತಲೆಯ ಮೇಲಕ್ಕೆ ಹೋಗುತ್ತದೆಯೇ, ಹೋಯಿತು, ಮೇಲೆ, ಪೂರ್ತಿ ಮೇಲೆ, ಹಾಗೇ ನಿಂತಿತು, ಟವಲ್ಲು ಬೀಸುವುದು ನಿಂತಿತು, ಬೋರಯ್ಯ ಮರ ಇಳಿಯಲು ಶುರು ಮಾಡಿದ, ಕಣ್ಣಿನಿಂದ ಮರೆಯಾದ, ನನಗೆ ಸಮಾಧಾನವಾಯಿತು, ಹೌದು, ಆಯಿತು, ಸುಳ್ಳೇಕೆ.

ದಡಕ್ಕೆ ಬಂದು ಟಾರ್ಪಾಲು ತೆಗೆದಾಗ ಗಯಾಜ್ ನೋಡಿದ, ಬೋರಣ್ಣ ಎಲ್ಲಿ, ಬೋರಣ್ಣ ಎಲ್ಲಿ ಅಂತ ಚೀಲಗಳ ಹಿಂದೆಲ್ಲ ಹುಡುಕಿದ, ಆಮೇಲೆ ನನ್ನ ಮುಖ ನೋಡಿದ, ಯಾ ಅಲ್ಲಾ, ನೀನು ಮತ್ತೊಂದು ಅಂದ್ಯಲ್ಲಣ್ಣ — ದೋಣಿಯವನ ಕಾಲು ಹಿಡಿದ, ಇನ್ನೊಬ್ಬನ ಕಾಲು ಹಿಡಿದ, ಸಮುದ್ರ ಗೋಡೆಯಂತೆ ಎದ್ದಿದೆ, ಯಾರು ಹೋಗುತ್ತಾರೆ, ಎರಡು ದಿನ ಮರಳಿನ ಮೇಲೆ ಕೂತೇ ಇದ್ದ, ಮೂರನೆಯ ದಿನ ಬೆಳಿಗ್ಗೆ ಮೊದಲ ಮೀನಿನ ದೋಣಿ ಹತ್ತಿ ಹೋದವನೂ ಅವನೇ, ಬೋರಯ್ಯನನ್ನು ಬೆನ್ನ ಮೇಲೆ ಹೊತ್ತು ತಂದವನೂ ಅವನೇ, ನಾನು ಲಾಡ್ಜಿನಲ್ಲಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದೆ. ಬೋರಯ್ಯ ದೋಣಿಕಟ್ಟೆಯ ಬಂಡೆಯ ಹತ್ತಿರವೇ ಮಲಗಿದ್ದನಂತೆ, ಸಮುದ್ರದ ಚಿಪ್ಪು ಅಂಟಿದ ಬಂಡೆ ಕಾಲು ಕೊಯ್ದಿತ್ತು, ರಕ್ತದ ವಾಸನೆಗೆ ಇಲಿ ಬಂದಿದ್ದವು, ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದವನ ಬೆರಳು — ಸಾಕು. ಆಸ್ಪತ್ರೆಯಲ್ಲಿ ಎರಡೂ ಕಾಲಿನ ಹೆಬ್ಬೆರಳು ತೆಗೆದರು. ಹೆಬ್ಬೆರಳಿಲ್ಲದೆ ತೆಂಗಿನ ಮರ ಹತ್ತಲಾಗುವುದಿಲ್ಲ, ಮೂವತ್ತು ವರ್ಷ ಹತ್ತಿದವನು ಇನ್ನು ನೆಲದ ಮೇಲೆ ನಡೆಯುವುದನ್ನೇ ಕಲಿಯಬೇಕು. ಊರಿಗೆ ಬಂದ ಮೇಲೆ ಯಾರು ಬಿಡ್ರಿ ಅಂದಿದ್ದು ಅಂತ ಕೇಳಿದರು, ನಾನೇ ಅಂದೆ ಅಂದ ಗಯಾಜ್, ಅಷ್ಟೇ, ಒಪ್ಪಿಕೊಂಡದ್ದೇ ಅವನ ತಪ್ಪಾಯಿತು, ಸಾಬಿ ಬಿಟ್ಟು ಬಂದ ಅಂತ ಹುಳಿಯಾರಿನವರೆಗೂ ಮಾತು ಹೋಯಿತು, ಆಸ್ಪತ್ರೆಗೆ ಅವನು ತಂದ ಹಾಲು ಬ್ರೆಡ್ಡನ್ನು ಸಿದ್ದಕ್ಕ ಎತ್ತಿ ಹೊರಗೆ ಎಸೆದಳು, ನಾನು ತಂದ ಕಿತ್ತಳೆಯನ್ನು ಗಂಡನಿಗೆ ಬಿಡಿಸಿ ತಿನ್ನಿಸಿದಳು.

ಬೈಕಿನ ಸದ್ದು, ಬಂದ, ಗಯಾಜ್ ಬಂದ, ಗಡ್ಡ ಬೆಳೆದಿದೆ, ಕಣ್ಣು ಒಳಗೆ ಹೋಗಿದೆ, ಯಜಮಾನರಿಗೆ ಕೈ ಮುಗಿದ, ಬೋರಯ್ಯನ ಕಾಲಿನ ಕಡೆ ನೋಡಿ ತಲೆ ತಗ್ಗಿಸಿದ. ಯಜಮಾನರು ಗಂಟಲು ಸರಿಮಾಡಿಕೊಂಡರು, ನೋಡು ಗಯಾಜ್, ನನಗೇನೂ ಇಲ್ಲ, ಆದ್ರೆ ಊರಿನವ್ರು ಒಪ್ತಿಲ್ಲ, ನಿನ್ ಮಿಶೀನು ತಗೊಂಡು ಹೋಗಿಬಿಡು — ಅದೆಂಥ ಬಾಯಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಗಯಾಜ್ ನನ್ನ ಕಡೆ ತಿರುಗಿದ, ಹೋಯ್ತೀನಿ, ಒಂದೇ ಒಂದು ಮಾತು, ಚಿತ್ತೇಶಣ್ಣ, ನೀನು ಮತ್ತೊಂದು ಅಂದ್ಯೋ ಇಲ್ವೋ. ಎಲ್ಲರೂ ನೋಡುತ್ತಿದ್ದಾರೆ, ಚಿಪ್ಪು ಒಡೆಯುವ ಹೆಂಗಸರ ಕುಡುಗೋಲು ನಿಂತಿದೆ, ಅಂದೆ ಅಂದೆ ನಾನು, ಇನ್ನೊಬ್ಬ ಬರ್ಬೇಕು ಅಂತ ಅಂದೆ, ನೀನೇ ಕೇಳುಸ್ಕಳ್ದೆ ಬಿಡ್ರಿ ಅಂದ್ಬುಟ್ಟೆ. ನಿಜ, ಅಕ್ಷರ ಅಕ್ಷರ ನಿಜ, ನಿಜವನ್ನೇ ಇಷ್ಟು ಹೊಲಸಾಗಿ ಹೇಳಬಹುದು ಅಂತ ಗೊತ್ತಿರಲಿಲ್ಲ, ಹೊರಗೆ ಹೊಳಪು, ಒಳಗೆ ಕೌಟು. ಗಯಾಜ್ ಸರಿ ಅಂದ, ಮೂಲೆಗೆ ಹೋಗಿ ಕೂತು ಸ್ಪ್ಯಾನರ್ ತೆಗೆದು ಯಂತ್ರದ ಬೋಲ್ಟು ಬಿಚ್ಚತೊಡಗಿದ.

ಬೋರಯ್ಯ ಕೆಮ್ಮಿದ, ಇಷ್ಟು ದಿನ ದ್ವೀಪದ ಬಗ್ಗೆ ಒಂದು ಮಾತೂ ಆಡದವನು, ಬ್ಯಾಡ್ರಿ ಯಜಮಾನ್ರೆ, ಅವನ ಮಿಶೀನು ಬಿಚ್ಚುಸ್ಬ್ಯಾಡ್ರಿ ಅಂದ, ಅವನು ಬಿಟ್ಟು ಬಂದೋನಲ್ಲ, ನಾನು ಮರದ ಮ್ಯಾಲಿದ್ದಾಗ ದೋಣಿಯಾಗೆ ಒಂದು ಕೈ ಮ್ಯಾಲಕ್ಕೆ ಎದ್ದಿದ್ದ ನೋಡ್ದೆ, ಇರು ಬತ್ತೀವಿ ಅಂದಂಗೆ, ಅದು ಗಯಾಜಂದೇ, ಇನ್ಯಾರು ಎತ್ತಾರು, ಆ ಕೈ ನೋಡೇ ಧೈರ್ಯ ಬಂತು, ತಿರುಗ್ಸಿ ಬತ್ತಾರೆ ಅಂತ ಇಳಿದು ಬಂಡೆ ತಾವ ಓಡ್ದೆ, ಮೂರು ದಿನ ಅಲ್ಲೇ ಕುಂತೆ, ಒಳಗೆ ಹೋಗಿ ಮರ ಹತ್ತಿ ಕುಂತಿದ್ರೆ ಇಲಿ ಬತ್ತಿರ್ಲಿಲ್ಲ, ಆದ್ರೆ ಅವ್ರು ಬಂದಾಗ ನಾನು ಕಾಣ್ದೆ ಹೋದ್ರೆ — ನಕ್ಕ, ಈ ಮನುಷ್ಯ ನಕ್ಕ, ಕೈ ಎತ್ತಿದೋರು ಬರ್ದೆ ಇರ್ತಾರಾ ಕಣ್ರಿ, ಸಮುದ್ರ ಬಿಡ್ಲಿಲ್ಲ ಅಷ್ಟೇಯ. ಸಿದ್ದಕ್ಕ ಕಂಬ ಬಿಟ್ಟು ಮುಂದೆ ಬಂದಳು, ನೋಡಿದ್ನಾ! ನಿನ್ನ ನೋಡಿ, ಕೈ ಬೀಸಿ, ಹಂಗೂ ಬಿಟ್ಟು ಬಂದ್ನಾ! ಲೋ ಗಯಾಜ, ನಿನ್ ಕೈ ಸೇದೋಗ! ಗಯಾಜ್ ಎದ್ದು ನಿಂತಿದ್ದಾನೆ, ಮುಖದಲ್ಲಿ ರಕ್ತವಿಲ್ಲ, ನಾನಲ್ಲ ಸಿದ್ದಕ್ಕ, ನಾನು ಟಾರ್ಪಾಲ್ ಒಳಗಿದ್ದೆ, ಎರಡೂ ಕೈಯಾಗೆ ಮಿಶೀನ್ ಹಿಡ್ಕಂಡಿದ್ದೆ, ಅಮ್ಮನ ಮೇಲಾಣೆ ನಾನು ನೋಡ್ಲಿಲ್ಲ ಅಂದ, ಹಂಗಾದ್ರೆ ಯಾರು ಎತ್ತಿದ್ದು, ಯಾರು ಅಂತ ಹೇಳು ಅಂದಳು ಸಿದ್ದಕ್ಕ, ಯಜಮಾನರೂ ಎದ್ದಿದ್ದಾರೆ, ಕರ್ಚೀಫು ಕೆಳಗೆ ಬಿದ್ದಿದೆ, ಯಾರು, ಯಾರು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಬೋರಯ್ಯನ ನಗು ಅರ್ಧಕ್ಕೆ ನಿಂತಿದೆ, ಕಣ್ಣು ಗಯಾಜ್‌ನಿಂದ ಯಂತ್ರಕ್ಕೆ, ಯಂತ್ರದಿಂದ ಕೊಬ್ಬರಿ ರಾಶಿಗೆ, ರಾಶಿಯಿಂದ ನಿಧಾನವಾಗಿ ಈ ಕಡೆ — ಉಂಡೆ ಜಾರಿ ಬಿತ್ತು, ಉರುಳಿಕೊಂಡು ಹೋಯಿತು, ಕೈ ಖಾಲಿ, ಖಾಲಿ ಕೈ ತೊಡೆಯ ಮೇಲಿಂದ ಎದ್ದಿತು, ಎದೆ ದಾಟಿತು, ಬಾಯಿ ಒರೆಸಿಕೊಳ್ಳಲು ಅಂತ ಈ ಸಲ ಅಂದುಕೊಳ್ಳುವ ಹಾಗಿಲ್ಲ, ಬಾಯಿ ಒಣಗಿದೆ, ಕೈ ಬಾಯಿ ದಾಟಿತು, ತಲೆ ದಾಟಿತು, ಇಳಿಸಲು ಬರುತ್ತಿಲ್ಲ, ಬೋರಯ್ಯ ನೋಡುತ್ತಿದ್ದಾನೆ, ಮರದ ಮೇಲಿಂದ ನೋಡಿದ ಹಾಗೇ ನೋಡುತ್ತಿದ್ದಾನೆ, ಕೈ, ಮೇಲೆ, ನನ್ನ ಕೈ